ಶನಿವಾರದ ವಾಯಿದೆ

ಬೋಳಾರದಿಂದ ರಿಕ್ಷಾದಲ್ಲಿ ಬಂತು ಪೆಟ್ಟಿಗೆ.
ತಂದವಳು ಗುಮಾಸ್ತನ ಮೊಮ್ಮಗಳು, ಬೀಡಿ ಕಟ್ಟುವವಳು.
'ಗುಜರಿಗೆ ಹಾಕಬೇಡಿ ಅಂತ ಅಜ್ಜ ಹೇಳಿದ್ದು ಮೇಡಂ.
ಮನೆಯಲ್ಲಿ ಜಾಗ ಇಲ್ಲ, ತೊಟ್ಟಿಲು ಇಡಲಿಕ್ಕುಂಟು.'
ರಶೀದಿ ಬರೆದುಕೊಟ್ಟೆ. ರಿಕ್ಷಾದ ಬಾಡಿಗೆ ಅವಳೇ ಕೊಟ್ಟಿದ್ದಳು,
ಅದಕ್ಕೆ ನನ್ನ ರಿಜಿಸ್ಟರಿನಲ್ಲಿ ಕಾಲಂ ಇಲ್ಲ.

ಹಾನೋಕ್ ಬೆಂಜಮಿನ್ ಚೇವುಲ್ಕರ್, ವಕೀಲರು.
ಆಮೇಲೆ ಬಂದರು ವಾರ್ಡಿನ ಮೆಂಬರು,
ಒಂದು ಸಲ ಗೆದ್ದು, ಎರಡು ಸಲ ಸೋತು.
ಗುಂಡುಸೂಜಿಗಳೆಲ್ಲ ತುಕ್ಕು. ಕಡಲಗಾಳಿ
ವಕಾಲತ್ತಿಲ್ಲದೆ ಒಳಗೆ ಬಂದು
ಪ್ರತಿ ಕಡತಕ್ಕೂ ಕಂದು ಸಹಿ ಹಾಕಿದೆ.

ಮೇಲುಗಡೆ ಅಳಿಯಸಂತಾನದ ಪಾಲುಪಟ್ಟಿ:
ಒಂದು ಹಲಸಿನ ಮರಕ್ಕಾಗಿ
ಹದಿನಾಲ್ಕು ವರ್ಷ ಕೋರ್ಟಿಗೆ ನಡೆದ ಎರಡು ಕವರು.
ಮೂಲಗೇಣಿ ಚೀಟು. ಫೀಸಿನ ಬದಲು
ಎರಡು ಮುಡಿ ಅಕ್ಕಿ ಮುಟ್ಟಿದ್ದಕ್ಕೆ ಗುರುತು.
ಮತ್ತೆ ಅರ್ಜಿಗಳು, ಕಟ್ಟು ಕಟ್ಟು, ಒಂದೇ ನಮೂನೆ:
ಶನಿವಾರ ಹಾಜರಾಗಲಾರೆ, ದಯಮಾಡಿ ವಾಯಿದೆ ಕೊಡಬೇಕು.
ಕಾರಣ ಎಂಬಲ್ಲಿ ಮೊದಮೊದಲು ನಾಲ್ಕು ಸಾಲು,
ಆಮೇಲೆ ಎರಡು,
ಕೊನೆಕೊನೆಗೆ ಬರೇ 'ಎಂದಿನಂತೆ'.
ಒಂದರ ಅಂಚಿನಲ್ಲಿ ಮುನ್ಸೀಫರ ಕೆಂಪು ಶಾಯಿ:
'ದೇವರಿಗೂ ವಾರಕ್ಕೊಂದು ವಾಯಿದೆಯೆ? ಕೊಡಲಾಗಿದೆ.'

ಗುಲಾಬಿ ಕಾಗದದ ಕರಪತ್ರವೊಂದು ಸಿಕ್ಕಿತು.
'ಬಂದರಿನ ಮಹಾಜನರೇ, ವಾರಕ್ಕೆ ಆರೇ ದಿನದ ಮೆಂಬರು ಸಾಕೆ?
ಏಳನೆಯ ದಿನ ನಳ್ಳಿ ನಿಂತರೆ ಯಾರ ಬಾಗಿಲು ಬಡಿಯುವಿರಿ?'
ಇತಿ, ಜಗ್ಗಣ್ಣ ಆಳ್ವರ ಹಿತೈಷಿಗಳು.
ಹರಿದು ಬಿಸಾಡಿಲ್ಲ. ಹಿಂಬದಿ ಖಾಲಿ ಇತ್ತಲ್ಲ,
ನಳ್ಳಿಗಳ ಲೆಕ್ಕ ಬರೆದಿದ್ದಾರೆ:
ಕಂದಕದಲ್ಲಿ ಮೂರು,
ಬೀಬಿ ಅಲಾಬಿ ರೋಡಿನಲ್ಲಿ ಒಂದು, ಅದೂ ಸೋರುವುದು.

ತಳದಲ್ಲಿ ಬಿಳಿ ಶಾಲು ಸುತ್ತಿದ ನೋಟುಬುಕ್ಕು.
ಸಾಲುಗಳು ಬಲದಿಂದ ಹೊರಟು ಎಡಕ್ಕೆ ಬರುತ್ತವೆ.
ಅರಬ್ಬಿ ಇರಬೇಕೆಂದು ಬೈಂಡಿಂಗಿನ ಇಮ್ತಿಯಾಝನನ್ನು ಕರೆದೆ.
ಕನ್ನಡಕ ಏರಿಸಿ, ಇಳಿಸಿ, ತುಂಬ ಹೊತ್ತು ನೋಡಿ
'ನಮ್ಮದಲ್ಲ' ಅಂದ.
'ಆದರೆ ನೆಂಟರ ಮನೆಯ ಅಕ್ಷರ.'

ನಡುವೆ ಮುಂಬಯಿಯ ಮಾವನ ಕಾಗದ, ಮರಾಠಿಯಲ್ಲಿ.
ಬೆರಳಿಟ್ಟು ಓದಿದೆ. ಆಯಿ ತೀರಿದ ಸುದ್ದಿ ಮುಟ್ಟಿತು.
ಹನ್ನೊಂದು ತಿಂಗಳು ಪ್ರಾರ್ಥನೆ ತಪ್ಪಬಾರದು.
ಹತ್ತು ಗಂಡಸರು ನಿಂತಿರಬೇಕು, ಒಬ್ಬ ಕಮ್ಮಿಯಾದರೂ ಆಗದು.
ಅಲ್ಲಿ ಹತ್ತು ಮಂದಿ ಇದ್ದಾರಷ್ಟೆ?

ಉತ್ತರದ ನಕಲಿಲ್ಲ. ಕಾಗದದ ಬೆನ್ನಿಗೆ ಪೆನ್ಸಿಲಿನ ಅಂಕಿ:
೧ ನಾನು.
೨ ಎಲಿಜಾ, ಬರುವ ತಿಂಗಳು ಹದಿಮೂರು ತುಂಬುತ್ತದೆ.
೩ ಕಸ್ಟಮ್ಸಿನ ಮೋಸೆಸ್. ಹೊಡೆದುಹಾಕಿದೆ. ವರ್ಗವಾಯಿತು.
ಪಟ್ಟಿ ಅಲ್ಲಿಗೆ ಮುಗಿಯಬೇಕಿತ್ತು.

ಮುಂದಿನದು ಬೇರೆ ದಿನದ್ದು, ಪೆನ್ಸಿಲು ಮೊಂಡಾಗಿದೆ:
ಗುಮಾಸ್ತ ತನಿಯಪ್ಪ. ಬಾವುಂಞಿ ಬ್ಯಾರಿ.
ಹೆಂಚಿನ ಕಾರ್ಖಾನೆಯ ಥಿಯೋಫಿಲ್ ಕುಂದರ್.
ಕಾಂತು ಮೆಂಡನ್, ದೋಣಿ ಇಳಿಸದ ದಿನ.
ಪುತ್ತು ಶೆಣೈ, ಜಗಲಿಯಲ್ಲಿ ನಿಂತಾರು.
ಪೆನ್ಶನಿನ ಮುನ್ಸೀಫರು.
ಹಲಸಿನ ಮರದ ಎರಡು ಕವರಿನಿಂದ ಯಾರಾದರೂ ಒಬ್ಬ, ಜಗಳವಾಡದವ.
೧೦ ಜಗ್ಗಣ್ಣ ಆಳ್ವ. ಕರೆದರೆ ಬರುತ್ತಾನೆ.

ಆಟಕ್ಕುಂಟು, ಲೆಕ್ಕಕ್ಕಿಲ್ಲ ಎನ್ನುತ್ತಿದ್ದೆವು
ಪುಟ್ಟ ತಂಗಿಯನ್ನು ಜೂಟಾಟಕ್ಕೆ ಸೇರಿಸಿಕೊಳ್ಳುವಾಗ.
ವಕೀಲರಿಗೆ ಲೆಕ್ಕ ಗೊತ್ತಿತ್ತು.
ಎಂಟು ಮಂದಿ ನಿಂತರೂ
ಧರ್ಮದ ಪುಸ್ತಕದಲ್ಲಿ ಎಂಟೂ ಸೊನ್ನೆ.
ನಾನಿದ್ದಿದ್ದರೆ ಪೆನ್ಸಿಲಿಗೂ ಸಿಗುತ್ತಿರಲಿಲ್ಲ,
ಸತ್ತ ಆಯಿಯೂ.

ಬಂದರೋ ಅವರೆಲ್ಲ, ಕರೆದರೋ ಇವರು?
ಶಾಲು ಕೊಡವಿ ನೋಡಿದೆ: ಒಂದು ಕರಿಮೆಣಸು,
ನಾಲ್ಕು ಬೆಳ್ಳಿಹುಳ.

ಇದನ್ನು ಎಲ್ಲಿ ಸೇರಿಸಲಿ? ಕೌಟುಂಬಿಕವೋ, ಚುನಾವಣೆಯೋ,
ಇತರೆ ಎನ್ನಲು ಕೈ ಬಾರದು.
ಐದೂವರೆ. ವಾಚ್‌ಮನ್ ಬೀಗದ ಗೊಂಚಲು ಆಡಿಸುತ್ತಿದ್ದಾನೆ.
ನಾಳೆಯೊಳಗೆ ಪಟ್ಟಿ ಕೊಡಬೇಕು ಪ್ರಿನ್ಸಿಪಾಲರಿಗೆ.
ನಾಳೆ ಶನಿವಾರ.
ಬಿಳಿ ಹಾಳೆ ಎಳೆದುಕೊಂಡು ಬರೆಯುತ್ತೇನೆ,
ದಯಮಾಡಿ ವಾಯಿದೆ ಕೊಡಬೇಕು.
ಕಾರಣ: ಎಂದಿನಂತೆ.